ಎರವಲು

ಶನಿವಾರ ಪೇಠೆಯ ಈ ಎರಡನೇ ಮಹಡಿಯಲ್ಲಿ
ಮೂವತ್ತೊಂದು ವರ್ಷದಿಂದ ನಾನು ಹಲ್ಲು ಮಾಡುವವ.
ಮೇಲ್ದವಡೆ, ಕೆಳದವಡೆ ಕಿಟಕಿಯಲ್ಲಿ ಒಣಗುತ್ತವೆ
ಯಾರ ಮೇಲೂ ಸಿಟ್ಟಿಲ್ಲದೆ.
ಜಮಖಂಡಿಯಿಂದ ಒಮ್ಮೆ ಬಂದ ನನ್ನವ್ವ
'ಇಷ್ಟು ಬಾಯಿ ಅದಾವ, ಒಂದರೆ ಮಾತಾಡ್ತೈತೇನು' ಅಂದಿದ್ದಳು.

ಸ್ಲೈಡ್ ರೂಲು ಬಂದದ್ದೂ ಹಲ್ಲಿನ ದಾರಿಯಿಂದಲೇ.
ಜೂನಾ ಬಜಾರಿನಲ್ಲಿ ತುಕ್ಕು ಹಿಡಿದ ಇಕ್ಕಳಗಳಡಿ
ಹಳದಿ ಮುಖವೊಂದು ಇಣುಕಿತು. ಎಲೆಯಡಿಕೆಯ ಬಣ್ಣವಲ್ಲ,
ಚಹಾ ಕುಡಿದು ಕುಡಿದು ಬಂದದ್ದು.
ಸೆಲ್ಯುಲಾಯ್ಡು. ಮೂಸಿದೆ: ಕರ್ಪೂರ.
ಮಂಗಳಾರತಿ ಮುಗಿದ ಮೇಲೆ ಗುಡಿಯಲ್ಲಿ ಉಳಿಯುತ್ತದಲ್ಲ, ಅದೇ.
ಬೆಂಕಿ ಕಂಡರೆ ಅಷ್ಟೇ ಬೇಗ ಹೋಗುವಂಥದ್ದೂ ಹೌದು.
ಹಲ್ಲಿನ ನಡುವೆ ಬಿಡುವಾದಾಗ
ಅಂಥವನ್ನು ಸರಿಮಾಡುತ್ತ ಬಂದೆ. ಲಾಭವೇನಿಲ್ಲ.

ಈ ಆಷಾಢದಲ್ಲಿ ಕುಮುದಿನಿ ಖಾಸನೀಸ ಬಂದರು.
ಎಂಬತ್ತೆರಡು ದಾಟಿದವರು, ಮೆಟ್ಟಿಲು ಎಣಿಸುತ್ತ ಹತ್ತಿ
'ಮೂವತ್ತೆಂಟು' ಎಂದು ದೂರಿನಂತೆ ಹೇಳಿ ಕೂತರು.
ಟವೆಲಿನೊಳಗೆ ಒಂದಡಿ ಮಹಾಗನಿ.
'ನನ್ನದಲ್ಲ' ಅಂದರು ಮೊದಲೇ.
'ಕ್ಯಾಂಪಿನ ಕೆಕೋಬಾದನದು. ಕಾಲೇಜಿನಲ್ಲಿ ಹಿಂದಿನ ಬೆಂಚು.
ಮಂಗಳವಾರ ಎರವಲು ತಂದೆ,
ಬುಧವಾರ ಪಾನ್‌ಶೇತ್ ಒಡೆಯಿತು.'

ನೀರು ಎಲ್ಲಿಯ ತನಕ ಬಂತೆಂದು
ಈ ಊರಿನ ಹಳಬರು ಬಾಯಿಂದ ಹೇಳುವುದಿಲ್ಲ,
ಗೋಡೆಯತ್ತ ಕೈ ಎತ್ತುತ್ತಾರೆ. ಅವರೂ ಎತ್ತಿದರು:
ಎದೆ, ಕತ್ತು, ನನ್ನ ಕ್ಯಾಲೆಂಡರಿನ ಮೊಳೆ.

ಒಳಪಟ್ಟಿ ಜಗ್ಗಲಿಲ್ಲ. ಮುಠೆಯ ಕೆಸರು
ತೋಡಿನಲ್ಲಿ ಸಿಮೆಂಟಾಗಿತ್ತು. ಓಡುಗಾಜು ಒಡೆದು
ಎರಡು ಏಳು ಮೂರರ ಮೇಲೆ ನಿಂತಿತ್ತು.
'ಯಾವ ಲೆಕ್ಕ?' ಕೇಳಿದೆ.
'ಯಾರಿಗೆ ನೆನಪು. ತೊಲೆಯದೋ, ಮೆಸ್ಸಿನ ಬಾಕಿಯದೋ.'
ಆದರೂ ಬಿಡಿಸುವ ಮುನ್ನ ಬರೆದಿಟ್ಟುಕೊಂಡೆ,
ಹಲ್ಲು ಕೀಳುವ ಮುನ್ನ ದವಡೆಯ ಅಚ್ಚು ತೆಗೆದ ಹಾಗೆ.

ನೀರಿಗೆ ಕೆಟ್ಟದ್ದನ್ನು ನೀರಲ್ಲಿ ತೊಳೆಯಬಾರದು.
ಸುಟ್ಟ ಸುಣ್ಣದ ಡಬ್ಬಿಯಲ್ಲಿ ಐದು ವಾರ ಮಲಗಿಸಿದೆ.
ಆಮೇಲೆ ಹುಳುಕು ಕೆದಕುವ ಸೂಜಿ, ದಿನಕ್ಕೊಂದು ಅಂಕಿ.
ಒಂದರಿಂದ ಎರಡಕ್ಕೆ ಜಂಗಲಿ ಮಹಾರಾಜ ರಸ್ತೆಯ ಅಗಲ;
ಎಂಟು ಒಂಬತ್ತರ ಹತ್ತಿರ ಪೇಠೆಯ ಬೋಳ,
ಇಬ್ಬರು ಎದುರಾದರೆ ಒಬ್ಬ ಗೋಡೆಗೊರಗಬೇಕು.
ಸೊನ್ನೆಗೆ ಹುಡುಕಿದೆ. ಅದಕ್ಕಿಲ್ಲಿ ಮನೆಯೇ ಇಲ್ಲ,
ಒಂದರಿಂದಲೇ ಸಂಸಾರ.

ಸೊಟ್ಟ ಮೈಗೆ ಪ್ಲಾಸ್ಟರಿನ ಹಾಸಿಗೆ,
ಎದ್ದ ಸಿಪ್ಪೆಗೆ ಅಸಿಟೋನಿನ ಒಂದೇ ಹನಿ.
ರಕ್ತಪರೀಕ್ಷೆಯ ಗಾಜು ಕತ್ತರಿಸಿ, ವಜ್ರದ ಮೊನೆಯಿಂದ
ಉಸಿರು ಹಿಡಿದು ಗೆರೆ ಎಳೆದೆ.
ಎರಡನೇ ಸಲ ಎಳೆದರೆ ಎರಡು ಉತ್ತರ.
ಗೆರೆಯೊಳಗೆ ಹೆಂಡತಿಯ ಕಾಡಿಗೆ.
'ಕಣ್ಣಿಗೇ ಸಾಲದು' ಎಂದು ಗೊಣಗಿದಳು, ಕೊಟ್ಟಳು.

ಪೈ ಗುರುತಿನ ಪಕ್ಕ ಉಗುರಿನ ಗೀರೊಂದಿತ್ತು.
ಉಜ್ಜಲೇ ಎಂದು ಫೋನಿನಲ್ಲಿ ಕೇಳಿದೆ.
'ಬೇಡ, ಅದು ಅವನದು.
ಪ್ರತಿ ಪತೇತಿಗೆ ಕೇಳುತ್ತಾನೆ: ಹುಡುಗೀ, ನನ್ನ ರೂಲು?
ನೆರೆಗೆ ಹೋಯಿತು ಅನ್ನುತ್ತ ಬಂದಿದ್ದೇನೆ.'
ಯಾಕೆ ಎಂದು ನಾನು ಕೇಳಲಿಲ್ಲ.
ಮೇಣದಬತ್ತಿ ತೀಡಿದೆ. ಪಟ್ಟಿ ಸರಿಯಿತು,
ಸಣ್ಣ ನಿಟ್ಟುಸಿರಿನಷ್ಟು ಸದ್ದಿಗೆ.

ಬಂದವರು ಮೇಜಿಗೆ ಮೊಣಕೈ ಊರಿ
ಎರಡನ್ನು ಮೂರರಿಂದ ಗುಣಿಸಿದರು. ಗೆರೆ ಆರರ ಮೇಲೆ.
'ಆರೋ ಅರವತ್ತೋ ಇದು ಹೇಳುವುದಿಲ್ಲ,' ಅಂದರು,
'ಬಿಂದು ನಾವೇ ಇಡಬೇಕು. ಮರೆತೇ ಹೋಗಿತ್ತು.'
ಗಾಜು ಆಚೀಚೆ ಸರಿಸಿದರು. 'ಅರವತ್ತೇ ಇಟ್ಟುಕೋ.
ಮೇಲೆ ಒಂದಿಷ್ಟು ಬಡ್ಡಿ.'

ಕೆಳದವಡೆಯ ದರ ಎಣಿಸಿ ಕೊಟ್ಟು
ಮೆಟ್ಟಿಲು ಎಣಿಸುತ್ತ ಇಳಿದು ಹೋದರು.

ಪಟ್ಟಿಯಿಂದ ಕೆದಕಿದ ಕೆಸರು, ಚಿಟಿಕೆಯಷ್ಟು,
ಹಲ್ಲಿನ ಖಾಲಿ ಡಬ್ಬಿಯಲ್ಲಿದೆ; ಮೇಲೆ ಬರೆದಿದ್ದೇನೆ
ಎರಡು, ಏಳು, ಮೂರು.
ಅವರು ಕೇಳಲಿಲ್ಲ. ನಾನೂ ಕೊಡಲಿಲ್ಲ.